ಮೈಸೂರು ಒಡೆಯರು ಮೆಚ್ಚಿದ ಮೆಟ್ನರ್: ಒಂದು ರೆಕಾರ್ಡಿಂಗ್, ಒಂದು ಪುಸ್ತಕ ಹೇಳಿ

ಚಾಮುಂಡಿ_ತಪ್ಪಲು:
ಎಲ್ಲರಿಗೂ ನಮಸ್ಕಾರ. ಹೋದ ವಾರ ಊರಿಗೆ ಬಂದ ನೆಂಟರನ್ನು ಅರಮನೆಗೆ ಕರಕೊಂಡು ಹೋಗಿದ್ದೆ. ಅವರಲ್ಲೊಬ್ಬರು ಪಿಯಾನೊ ಕಲಿತವರು. ಜಯಚಾಮರಾಜ ಒಡೆಯರ ಪಟದ ಮುಂದೆ ನಿಂತು "ಮೆಟ್ನರ್‌ನ ಮೂರನೇ ಕನ್ಸರ್ಟೊ ಇವರೇ ದುಡ್ಡು ಕೊಟ್ಟು ಬರೆಸಿದ್ದು, ಗೊತ್ತಾ?" ಅಂದ್ರು. ಕನ್ಸರ್ಟೊ ಅಂದರೆ ಒಬ್ಬ ವಾದಕ ವಾದ್ಯವೃಂದದ ಜೊತೆ ನುಡಿಸೋ ದೊಡ್ಡ ರಚನೆ ಅಂತ ಗೊತ್ತು, ಮೆಟ್ನರ್ ಯಾರು ಅಂತಲೇ ನನಗೆ ಗೊತ್ತಿಲ್ಲ. ಒಡೆಯರ ಕೃತಿಗಳನ್ನು ಚಿಕ್ಕಂದಿನಿಂದ ಕೇಳಿದ್ದೀನಿ, ಶ್ರೀವಿದ್ಯಾ ಅಂಕಿತ ಬಂದ ಕೂಡಲೇ ಗುರುತು ಹಿಡೀತೀನಿ. ನಮ್ಮೂರಿನ ಅರಸರ ವಿಷಯ ಹೊರಗಿನವರ ಬಾಯಲ್ಲಿ ಕೇಳಬೇಕಾಯ್ತಲ್ಲ ಅಂತ ಮುಖ ಸಣ್ಣದಾಯ್ತು.

ಮನೆಗೆ ಬಂದು ಹುಡುಕಿದರೆ ಮೂವತ್ತು ಹೆಸರು ಸಾಲಾಗಿ ಬಂದವು. ಯಾವುದು ಕೇಳಲಿ? ಒಂದೇ ಒಂದು ರೆಕಾರ್ಡಿಂಗ್, ಒಂದೇ ಒಂದು ಪುಸ್ತಕ ಹೇಳಿ. ಪಾಶ್ಚಾತ್ಯದಲ್ಲಿ ನನ್ನ ಕೇಳ್ಮೆ ಬೀಥೋವನ್, ಶೋಪಾನ್, ಅಷ್ಟಕ್ಕೇ ನಿಂತಿದೆ. ಕೈಯಲ್ಲಿ ಮೂರು ಸಾವಿರ ರೂಪಾಯಿ ಇದೆ.

ಎಪ್ಪತ್ತೆಂಟರ_ತಟ್ಟೆ:
ಸ್ವಾಮಿ, ಇದಕ್ಕೆ ಎರಡನೇ ಮಾತೇ ಇಲ್ಲ. ಮೆಟ್ನರ್ ತಾನೇ ನುಡಿಸಿದ್ದನ್ನು ಕೇಳಿ. ನಿಕೊಲಾಯ್ ಮೆಟ್ನರ್, ರಷ್ಯದ ರಚನಕಾರ, ಪಿಯಾನೊ ವಾದಕ, ಹುಟ್ಟಿದ್ದು 1880ರಲ್ಲಿ ಮಾಸ್ಕೊದಲ್ಲಿ, ತೀರಿಕೊಂಡಿದ್ದು 1951ರಲ್ಲಿ ಲಂಡನ್ನಿನಲ್ಲಿ. ರಷ್ಯ ಬಿಟ್ಟ ಮೇಲೆ ಬರ್ಲಿನ್, ಪ್ಯಾರಿಸ್ ಅಂತ ಅಲೆದು ಕಡೆಗೆ ಲಂಡನ್ ಸೇರಿದ ಮನುಷ್ಯ. ಯುದ್ಧ ಮುಗಿಯೋ ಹೊತ್ತಿಗೆ ಅವನನ್ನು ಕೇಳುವವರು ಬೆರಳೆಣಿಕೆ. ಆಗ ನಮ್ಮ ಒಡೆಯರು, ಇಪ್ಪತ್ತಾರು ಇಪ್ಪತ್ತೇಳರ ವಯಸ್ಸು, ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಕಟ್ಟಿಸಿ ಅವನ ಸಂಗೀತವನ್ನು ಅವನ ಕೈಯಿಂದಲೇ ಎಚ್‌ಎಂವಿ ಕಂಪನಿಯ ಗ್ರಾಮಫೋನು ತಟ್ಟೆಗಳಿಗೆ, ನಿಮಿಷಕ್ಕೆ 78 ಸುತ್ತು ತಿರುಗೋ ಹಳೇ ತಟ್ಟೆಗಳಿಗೆ, ಹಿಡಿಸಿದರು. 1947ರಲ್ಲಿ ಮೂರೂ ಪಿಯಾನೊ ಕನ್ಸರ್ಟೊಗಳು, ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆಗೆ. ಮೊದಲನೆಯದಕ್ಕೆ ಜಾರ್ಜ್ ವೆಲ್ಡನ್ ನಿರ್ದೇಶನ, ಉಳಿದೆರಡಕ್ಕೆ ಇಸಾಯ್ ಡೊಬ್ರೊವೆನ್. ಎರಡು ಮತ್ತು ಮೂರನೆಯದು ಟೆಸ್ಟಮೆಂಟ್ ಕಂಪನಿಯ ಸಿಡಿಯಾಗಿಯೂ ಬಂದಿದೆ.

ಕರ್ತೃವೇ ನುಡಿಸಿರುವಾಗ ಇನ್ನೊಬ್ಬರದ್ದು ಯಾಕೆ? ವಾಸುದೇವಾಚಾರ್ಯರೇ ಹಾಡಿ ತೋರಿಸ್ತೀನಿ ಅಂದರೆ ಬೇಡ ಅಂತೀರಾ?

ಎಡಗೈ_ಅಭ್ಯಾಸ:
ತಟ್ಟೆ ಸರ್, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳ್ತೀನಿ, ಹೊಸಬರಿಗೆ ಅದನ್ನು ಮೊದಲು ಕೊಡಬೇಡಿ. ಇಪ್ಪತ್ತು ವರ್ಷದಿಂದ ಬೆಂಗಳೂರಲ್ಲಿ ಪಿಯಾನೊ ಪಾಠ ಹೇಳ್ತಿದೀನಿ. ಮೆಟ್ನರ್‌ನನ್ನು ಹಳೇ ತಟ್ಟೆಯ ಕರಕರ ಸದ್ದಿನಲ್ಲಿ ಮೊದಲ ಸಲ ಕೇಳಿದ ಮಕ್ಕಳು ಮತ್ತೆ ಆ ಕಡೆ ತಿರುಗಿ ನೋಡಿಲ್ಲ. ಕಾರಣ ಸಂಗೀತದಲ್ಲೇ ಇದೆ. ಅವನದ್ದು ಒಂದು ರಾಗ, ಕೆಳಗೆ ಜೊತೆವಾದ್ಯ, ಅಷ್ಟಕ್ಕೆ ಮುಗಿಯುವಂಥದ್ದಲ್ಲ. ಬಲಗೈಯಲ್ಲಿ ಒಂದು ಮಾತು ನಡೀತಿದ್ದರೆ ಎಡಗೈ ಅದಕ್ಕೆ ಎದುರು ಮಾತಾಡುತ್ತೆ, ನಡುವಿನ ಬೆರಳುಗಳು ಮೂರನೇ ಮಾತು ಹೊಸೀತಾ ಇರುತ್ತವೆ. ತಾಳವೂ ಒಂದರ ಮೇಲೊಂದು ಏರಿ ಕೂತಿರುತ್ತೆ. ಆ ನಡುದನಿಯೇ ಹಳೇ ರೆಕಾರ್ಡಿನಲ್ಲಿ ಮುಳುಗಿ ಹೋದರೆ ಉಳಿಯೋದೇನು?

ಶುರು ಮಾಡೋಕೆ ಕನ್ಸರ್ಟೊನೂ ಬೇಡ. ಒಂಟಿ ಪಿಯಾನೊಗೆ ಬರೆದ 'ಸೊನಾಟಾ ರೆಮಿನಿಸೆಂಜಾ' ಕೇಳಿ, ಎಮಿಲ್ ಗಿಲೆಲ್ಸ್ 1968ರಲ್ಲಿ ನುಡಿಸಿದ್ದು. ಕಾಲು ಗಂಟೆಯೂ ಹಿಡಿಯಲ್ಲ. ರಷ್ಯ ಬಿಡೋ ಮುಂಚಿನ ವರ್ಷಗಳಲ್ಲಿ ಬರೆದ 'ಮರೆತ ರಾಗಗಳು' ಅನ್ನೋ ಗುಚ್ಛದ ಮೊದಲ ರಚನೆ ಅದು. ತೊಟ್ಟಿಲು ತೂಗಿದ ಹಾಗೆ ಒಂದು ಸಾಲು ಶುರುವಾಗುತ್ತೆ, ಏನೇನೋ ಆಗಿ ಹೋಗುತ್ತೆ, ಆಮೇಲೆ ಅದೇ ಸಾಲು ವಾಪಸು ಬರುತ್ತೆ, ಒಂದು ಅಕ್ಷರವೂ ಬದಲಾಗದೆ. ಬದಲಾದವರು ನಾವು. ಅದೇ ಗುಚ್ಛದಲ್ಲಿ ಮುಂದೆ 'ಕಾನ್ಸೋನಾ ಸೆರೆನಾಟಾ' ಅಂತ ಬರುತ್ತೆ, ಅದರ ಬಾಗಿಲಲ್ಲೂ ಈ ಸಾಲೇ ನಿಂತಿರುತ್ತೆ. ಅಲ್ಲಿ ಅದು ಕಿವಿಗೆ ಬಿದ್ದಾಗ ನೀವು ಮೆಟ್ನರ್‌ಗೆ ಸಿಕ್ಕಿಬಿದ್ದಿರಿ ಅಂತ ಲೆಕ್ಕ.

ಧಾರವಾಡ_ಪೇಡೆ:
ಅಲ್ರೀ ಮೇಡಂ, ನಾನೂ ಕೇಳೀನಿ ಇವನ್ನ. ಕಿರಾಣಾ ಘರಾಣೆ ಕೇಳ್ಕೋತ ಬೆಳದಾಂವ ನಾ. ಒಂದ್ ತಾಸು ಮೆಟ್ನರ್ ಕೇಳಿದ ಮ್ಯಾಲೆ ಗುನುಗಾಕ ಒಂದ್ ಸಾಲೂ ಉಳೀಲಿಲ್ಲ. ಇವನ ದೋಸ್ತ ರಖ್ಮನಿನೊಫ್ ಇದ್ದಾನಲ್ಲ, ಅವಂದು ಒಮ್ಮೆ ಕೇಳಿದ್ರ ವಾರಗಟ್ಲೆ ತಲ್ಯಾಗ ತಿರಗತದ. ಅರಸರು ರೊಕ್ಕ ಕೊಟ್ರು ಅನ್ನೋದ ಬಿಟ್ರ ನಾವ್ ಯಾಕ ಇವನ್ನ ತಲಿ ಮ್ಯಾಲೆ ಹೊತ್ಕೋಬೇಕು?

ಎಡಗೈ_ಅಭ್ಯಾಸ:
ಆ ದೋಸ್ತನೇ ಮೆಟ್ನರ್‌ನನ್ನು ನಮ್ಮ ಕಾಲದ ಎಲ್ಲರಿಗಿಂತ ದೊಡ್ಡ ರಚನಕಾರ ಅಂತ ಹೊತ್ತುಕೊಂಡಿದ್ದ, ಪೇಡೆಯವರೇ. ಬಾಯಿಮಾತಿಗಲ್ಲ. ತನ್ನ ನಾಲ್ಕನೇ ಕನ್ಸರ್ಟೊವನ್ನು ಮೆಟ್ನರ್‌ಗೆ ಅರ್ಪಿಸಿದ. ಮೆಟ್ನರ್ ತನ್ನ ಎರಡನೇ ಕನ್ಸರ್ಟೊವನ್ನು ಇವನಿಗೆ ಅರ್ಪಿಸಿದ. ಎರಡೂ ಮೊದಲು ವೇದಿಕೆ ಹತ್ತಿದ್ದು 1927ರಲ್ಲೇ. ಯೆವ್ಗೆನಿ ಸುದ್ಬಿನ್ ಇವೆರಡನ್ನೂ ಬಿಸ್ ಕಂಪನಿಗೆ ಒಂದೇ ಸಿಡಿಯಲ್ಲಿ ನುಡಿಸಿದ್ದಾನೆ. ನಿಧಾನವಾಗಿ ಕೂತು ಒಂದಾದ ಮೇಲೊಂದು ಕೇಳಿ. ಗುನುಗೋ ಸಾಲು ಸಿಗಲಿಲ್ಲ ಅಂದ್ರೆ ಆಮೇಲೆ ಜಗಳ ಆಡೋಣ.

ಹೆಂಡನ್_ಕನ್ನಡಿಗ:
ಲಂಡನ್ನಿನಿಂದ ಬರೀತಿದೀನಿ. ಮೆಟ್ನರ್ ಮಣ್ಣಾದ ಹೆಂಡನ್ ಸ್ಮಶಾನ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ಅದಕ್ಕೇ ಹುಚ್ಚು ಹತ್ತಿದ್ದು.

ಮೊದಲು ಒಂದು ತಿದ್ದುಪಡಿ. ಮೂರನೇ ಕನ್ಸರ್ಟೊವನ್ನು ಒಡೆಯರು ಬರೆಸಿದ್ದಲ್ಲ. ಈ ಮಾತು ನಮ್ಮವರಲ್ಲಿ ಬಹಳ ಓಡಾಡ್ತಿದೆ. ಲಂಡನ್ ಮೇಲೆ ಬಾಂಬು ಬೀಳ್ತಿದ್ದ ಕಾಲದಲ್ಲಿ ಎಡ್ನಾ ಐಲ್ಸ್ ಅನ್ನೋ ಪಿಯಾನೊ ವಾದಕಿಯ ಕುಟುಂಬ ಮೆಟ್ನರ್ ದಂಪತಿಗೆ ವಾರಿಕ್‌ಷೈರ್‌ನ ಹಳ್ಳಿಯೊಂದರಲ್ಲಿ ಆಸರೆ ಕೊಟ್ಟಿತ್ತು. ಆ ದಿನಗಳಲ್ಲಿ ಕೂತು 1943ರ ಹೊತ್ತಿಗೆ ಅದನ್ನು ಮುಗಿಸಿದ. ಮೊದಲ ಪ್ರದರ್ಶನ 1944ರ ಫೆಬ್ರವರಿ 19ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಪಿಯಾನೊ ಮುಂದೆ ಮೆಟ್ನರ್, ನಿರ್ದೇಶನ ಏಡ್ರಿಯನ್ ಬೋಲ್ಟ್. ಮೈಸೂರಿನ ನೆರವು ಬಂದದ್ದು 1946ರಲ್ಲಿ. ಅರ್ಪಣೆ ಮಹಾರಾಜರಿಗೇ ಇದೆ, ಅದು ನಿಜ, ಆದರೆ ಅದು ಉಪಕಾರ ನೆನೆದು ಸೇರಿಸಿದ್ದು. ಬರೆಸಿದವರು ಬೇರೆ, ಉಳಿಸಿದವರು ಬೇರೆ. ನನ್ನ ಕೇಳಿದರೆ ಉಳಿಸಿದ್ದೇ ದೊಡ್ಡದು.

ಒಡೆಯರ ಅಭಿರುಚಿ ಬರೀ ಶೋಕಿ ಅಂದುಕೊಳ್ಳೋರಿಗೆ: 1945ರಲ್ಲಿ ಅವರು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದವರು. ಜರ್ಮನ್ ರಚನಕಾರ ರಿಚರ್ಡ್ ಸ್ಟ್ರೌಸ್‌ನ 'ಕೊನೆಯ ನಾಲ್ಕು ಹಾಡುಗಳು' ಮೊದಲ ಸಲ ಲೋಕದ ಕಿವಿಗೆ ಬಿದ್ದದ್ದು 1950ರ ಮೇ 22ರಂದು, ಅದೇ ಆಲ್ಬರ್ಟ್ ಹಾಲ್‌ನಲ್ಲಿ. ಹಾಡಿದ್ದು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ನಿರ್ದೇಶನ ಫುರ್ಟ್‌ವೆಂಗ್ಲರ್. ಆ ಕಛೇರಿಯ ಖರ್ಚಿಗೆ ಜಾಮೀನು ನಿಂತವರೂ ಇವರೇ. ತಮಾಷೆ ಏನಂದರೆ ಮೆಟ್ನರ್‌ಗೆ ಸ್ಟ್ರೌಸ್ ಕಂಡರೆ ಆಗುತ್ತಿರಲಿಲ್ಲ. ಒಬ್ಬರನ್ನೊಬ್ಬರು ಸಹಿಸದವರು ಮೈಸೂರಿನ ಒಂದೇ ಪಂಕ್ತಿಯಲ್ಲಿ ಕೂತು ಉಂಡರು.

ಎಪ್ಪತ್ತೆಂಟರ_ತಟ್ಟೆ:
ಹೆಂಡನ್ ಅವರೇ, ತಿದ್ದಿದ್ದಕ್ಕೆ ಸಂತೋಷ. ನಾನೂ ನಲವತ್ತು ವರ್ಷ "ಬರೆಸಿದ್ದು" ಅಂತಲೇ ಹೇಳಿಕೊಂಡು ಬಂದಿದ್ದೆ.

ಆದರೆ ಮೇಡಂ ಮಾತು ಒಪ್ಪಲಾರೆ. ಸದ್ದು ಹಳೆಯದು, ಸರಿ. ತಟ್ಟೆಯ ಒಂದು ಮುಖಕ್ಕೆ ನಾಲ್ಕು, ನಾಲ್ಕೂವರೆ ನಿಮಿಷ, ಆಮೇಲೆ ತಿರುವಿ ಹಾಕಬೇಕು, ಅದೂ ಸರಿ. ಆದರೂ ಅವನ ಕೈ ಕೇಳಿ. 67ರ ಮುದುಕ, ಹೃದಯದ ಕಾಯಿಲೆ ಬೇರೆ, ಒಂದು ಕಡೆಯೂ ಪೆಡಲ್ ಒತ್ತಿ ಕಲಸಿಬಿಡೋದಿಲ್ಲ. ತಾಳ ಉಳಿಯಲ್ಲಿ ಕೊರೆದ ಹಾಗೆ. ಈಗಿನವರು ಅವನನ್ನು ಜೇನಲ್ಲಿ ಅದ್ದಿ ನುಡಿಸ್ತಾರೆ. ಮೆಟ್ನರ್‌ಗೆ ಜೇನು ಹಚ್ಚಿದರೆ ಅವನು ಕೆಳದರ್ಜೆಯ ರಖ್ಮನಿನೊಫ್ ಆಗಿಬಿಡ್ತಾನೆ. ಪೇಡೆಯವರ ತಕರಾರು ಹುಟ್ಟೋದೇ ಅಲ್ಲಿ ಅಂತ ನನ್ನ ಗುಮಾನಿ.

ಎಡಗೈ_ಅಭ್ಯಾಸ:
ಜೇನಿನ ಮಾತು ಒಪ್ಪಿದೆ. ಅದಕ್ಕೇ ನಾನು ಸೊನಾಟಾಗಳಿಗೆ ಮಾರ್ಕ್-ಆಂದ್ರೆ ಹಾಮ್ಲಿನ್ ಹೆಸರು ಹೇಳೋದು. ಹದಿನಾಲ್ಕು ಸೊನಾಟಾ, ಜೊತೆಗೆ 'ಮರೆತ ರಾಗಗಳು', ನಾಲ್ಕು ಸಿಡಿಯ ಡಬ್ಬಿ, ಹೈಪೀರಿಯನ್ 1998ರಲ್ಲಿ ತಂದದ್ದು. ಎಳೆ ಎಳೆ ಬಿಡಿಸಿ ಕೈಗಿಡ್ತಾನೆ. 'ರಾತ್ರಿಗಾಳಿ' ಅಂತ ಕರೆಯೋ 'ಇ-ಮೈನರ್' ಶ್ರುತಿಯ ಸೊನಾಟಾ ಅರ್ಧ ಗಂಟೆ ಮೀರುತ್ತೆ, ಅದಕ್ಕೆ ತ್ಯುತ್ಚೆವ್ ಕವಿಯ ಸಾಲುಗಳೇ ಮುನ್ನುಡಿ. ಬೇರೆಯವರ ಕೈಯಲ್ಲಿ ದಟ್ಟ ಕಾಡಾಗುವ ಅದರಲ್ಲಿ ಹಾಮ್ಲಿನ್ ಕಾಲುದಾರಿ ತೋರಿಸ್ತಾನೆ. ಅತಿ ಸಲೀಸು ಅನ್ನೋ ದೂರು ಇದೆ, ಗಾಳಿಗೆ ಎದುರು ನಡೆಯೋ ತ್ರಾಸವೇ ಕಾಣಲ್ಲ ಅಂತ. ಇರಬಹುದು. ಮೊದಲ ಸಲಕ್ಕೆ ಆ ಸಲೀಸೇ ಬೇಕು.

ದುಡ್ಡಿನ ಮಾತು: ಹೈಪೀರಿಯನ್‌ನವರು 2023ರ ತನಕ ಸ್ಟ್ರೀಮಿಂಗ್‌ಗೆ ಕೊಟ್ಟಿರಲೇ ಇಲ್ಲ. ಈಗ ಕೊಟ್ಟಿದಾರೆ. ಹಾಗಾಗಿ ತಪ್ಪಲು ಅವರೇ, ಸಿಡಿಗೆ ದುಡ್ಡು ಸುರೀಬೇಡಿ, ಪುಸ್ತಕಕ್ಕೆ ಇಟ್ಟುಕೊಳ್ಳಿ.

ಮಿತಮಾತು:
ಸ್ಕಾಸ್ಕಿ ಮರೆತಿರಲ್ಲ ಎಲ್ಲರೂ?

ಎಡಗೈ_ಅಭ್ಯಾಸ:
ಮರೆತಿಲ್ಲ, ಆ ಹೆಸರಿನ ಅನುವಾದ ನೆನೆದರೆ ಸಿಟ್ಟು ಬರುತ್ತೆ ಅಂತ ಸುಮ್ಮನಿದ್ದೆ. 38 ಚಿಕ್ಕ ಪಿಯಾನೊ ರಚನೆಗಳು. ಇಂಗ್ಲಿಷಿನವರು ಅವನ್ನು 'ಫೇರಿ ಟೇಲ್ಸ್' ಮಾಡಿಬಿಟ್ಟರು. ಅಲ್ಲಿಂದ ನಮ್ಮವರು 'ಕಿನ್ನರ ಕಥೆ' ಮಾಡಿದರು. ರಷ್ಯನ್‌ನಲ್ಲಿ ಆ ಪದದ ಬೇರು ಇರೋದು 'ಹೇಳು' ಅನ್ನೋ ಕ್ರಿಯೆಯಲ್ಲಿ, ರೆಕ್ಕೆಯ ಕಿನ್ನರಿಗೂ ಅದಕ್ಕೂ ಸಂಬಂಧವಿಲ್ಲ. ನಮ್ಮ ಅಡಗೂಲಜ್ಜಿ ಕತೆ ಹತ್ತಿರ ಬರುತ್ತೆ. ಅದರಲ್ಲಿ ಹೆದರಿಕೆಯೂ ಇರುತ್ತೆ, ಅಳುವೂ ಇರುತ್ತೆ. ಮೆಟ್ನರ್ ಕೊನೆಯ ಹೊತ್ತಿನ ಒಂದು ಗೊಂಚಲನ್ನು ಸಿಂಡ್ರೆಲಾಗೂ ದಡ್ಡ ಇವಾನನಿಗೂ ಅರ್ಪಿಸಿದ್ದಾನೆ, ಇವಾನ ಅಂದರೆ ರಷ್ಯದ ಕತೆಗಳಲ್ಲಿ ಕೊನೆಗೆ ಗೆಲ್ಲೋ ಪೆದ್ದ. ಅದರ ಮೂರನೆಯದನ್ನು ಹೊರೊವಿಟ್ಸ್ ರೆಕಾರ್ಡ್ ಮಾಡಿದ್ದಾನೆ. ಇನ್ನೊಂದು ಇದೆ, ಓಪಸ್ 20ರ, ಅಂದರೆ ಅವನ 20ನೇ ಕೃತಿಸಂಖ್ಯೆಯ, ಎರಡನೆಯದು. ಎಡಗೈಯಲ್ಲಿ ಒಂದೇ ಗಂಟೆ ಮತ್ತೆ ಮತ್ತೆ ಬಡೀತಾ ಇರುತ್ತೆ. ಇದು ಗಂಟೆಯ ಬಗ್ಗೆ ಇರೋ ಕತೆ ಅಲ್ಲ, ಗಂಟೆಯೇ ಹೇಳೋ ಕತೆ ಅಂತ ಅವನೇ ಷರಾ ಬರೆದಿದ್ದಾನೆ. ಮಕ್ಕಳಿಗೆ ಇದನ್ನು ಹೇಳಿಕೊಟ್ಟಾಗ ನುಡಿಸೋ ರೀತಿಯೇ ಬದಲಾಗಿಬಿಡುತ್ತೆ.

ಪೂರ್ತಿ ಬೇಕಂದ್ರೆ ಹೇಮಿಷ್ ಮಿಲ್ನ್, ಎರಡು ಸಿಡಿ, 2007. ಮೆಟ್ನರ್‌ನನ್ನು ಯಾರೂ ಮೂಸದ ಎಪ್ಪತ್ತರ ದಶಕದಿಂದಲೂ ನುಡಿಸಿಕೊಂಡು ಬಂದ ಮನುಷ್ಯ. ನಿಜವಾಗಿಯೂ ಕತೆ ಹೇಳ್ತಾನೆ.

ಧಾರವಾಡ_ಪೇಡೆ:
ಗಂಟಿದು ಕೇಳಿದ್ನಿ. ಅದು ಮಸ್ತ್ ಅದ. ಕನ್ಸರ್ಟೊದ ಮಾತು ಇನ್ನೂ ಒಪ್ಪಂಗಿಲ್ಲ.

ಚಾಮುಂಡಿ_ತಪ್ಪಲು:
ಅಬ್ಬಾ, ಒಂದು ಕೇಳಿದರೆ ಹತ್ತು ಕೊಟ್ಟಿರಿ. ಪುಸ್ತಕದ ಮಾತು ಯಾರೂ ಎತ್ತಲಿಲ್ಲ.

ಹೆಂಡನ್_ಕನ್ನಡಿಗ:
ಕನ್ನಡದಲ್ಲಿ ಅಂತ ಕೇಳಿದರೆ ಕೊಡೋಕೆ ನನ್ನ ಹತ್ತಿರ ಏನೂ ಇಲ್ಲ. ಇಂಗ್ಲಿಷಿನಲ್ಲಿ ಬದುಕು, ಕೃತಿ ಎರಡನ್ನೂ ಸೇರಿಸಿ ಬರೆದ ಗಟ್ಟಿ ಪುಸ್ತಕ ಬ್ಯಾರಿ ಮಾರ್ಟಿನ್ ಅವರದ್ದು, 1995. ಅದಕ್ಕೂ ಮೊದಲು ಅವರು ರಖ್ಮನಿನೊಫ್ ಮೇಲೂ ಬರೆದಿದ್ದರು, ಹಾಗಾಗಿ ಗೆಳೆಯರಿಬ್ಬರನ್ನೂ ಬಲ್ಲವರು. ವರ್ಷದ ಜೊತೆಗೆ ಕೃತಿಗಳೂ ಸಾಗುತ್ತವೆ, ಸ್ವರಲಿಪಿಯ ತುಣುಕುಗಳೂ ಇವೆ. ಅದು ಓದಲು ಬರದಿದ್ದರೂ ಬದುಕಿನ ಕತೆಗೆ ತೊಡಕಾಗಲ್ಲ. ಬೆಲೆ ನೋಡಿದರೆ ಮಾತ್ರ ಬೆಚ್ಚಿಬೀಳ್ತೀರಿ, ನಿಮ್ಮ ಮೂರು ಸಾವಿರಕ್ಕೆ ಹೊಸ ಪ್ರತಿ ಬರಲ್ಲ. ಯಾವುದಾದರೂ ಗ್ರಂಥಾಲಯ ಹಿಡಿಯಿರಿ.

ನನಗೆ ಅದಕ್ಕಿಂತ ಪ್ರಿಯವಾದದ್ದು ರಿಚರ್ಡ್ ಹೋಲ್ಟ್ ಸಂಪಾದಿಸಿದ ನೆನಪಿನ ಸಂಪುಟ, 1955ರದ್ದು. ಮೆಟ್ನರ್ ತೀರಿಕೊಂಡು ನಾಲ್ಕೇ ವರ್ಷಕ್ಕೆ ಬಂದದ್ದು, ಹತ್ತಿರದಿಂದ ಕಂಡವರ ಬರಹಗಳು. ನಮ್ಮಲ್ಲಿ ಅಭಿನಂದನ ಗ್ರಂಥ ಅಂತೀವಲ್ಲ, ಆ ಜಾತಿ. ಹೊಗಳಿಕೆ ಜಾಸ್ತಿ, ಆದರೆ ಮನುಷ್ಯ ಉಸಿರಾಡ್ತಾನೆ. ಹಳೇ ಪುಸ್ತಕದವರ ಬಳಿ ಹುಡುಕಬೇಕು, ಅವಸರ ಮಾಡಬೇಡಿ.

ಇನ್ನು ಮೆಟ್ನರ್ ತಾನೇ ಬರೆದ 'ಮ್ಯೂಸ್ ಮತ್ತು ಫ್ಯಾಷನ್', ಮ್ಯೂಸ್ ಅಂದರೆ ಕಲೆಯ ಅಧಿದೇವತೆ. 1935ರಲ್ಲಿ ಪ್ಯಾರಿಸ್ಸಿನಲ್ಲಿ ರಷ್ಯನ್ ಭಾಷೆಯಲ್ಲಿ ಅಚ್ಚಾಯ್ತು, ಅಚ್ಚು ಹಾಕಿಸಿದ್ದು ರಖ್ಮನಿನೊಫ್‌ನ ಪ್ರಕಾಶನವೇ. ಆಲ್ಫ್ರೆಡ್ ಸ್ವಾನ್ ಮಾಡಿದ ಇಂಗ್ಲಿಷ್ ಅನುವಾದ ಬಂದದ್ದು 1951ರಲ್ಲಿ. ಹೊಸ ಕಾಲದ ಸಂಗೀತವನ್ನೆಲ್ಲ ಅಟ್ಟಾಡಿಸಿ ಬೈದಿದ್ದಾನೆ.

ಎಪ್ಪತ್ತೆಂಟರ_ತಟ್ಟೆ:
ಅದನ್ನು ಹೊಸಬರಿಗೆ ಕೊಡಬೇಡಿ ಮಾರಾಯರೇ! ಜಗಳಗಂಟ ಮುದುಕನ ಪುಸ್ತಕ ಅದು. ಓದಿದವರು ಸಂಗೀತ ಕೇಳೋದೇ ಬಿಟ್ಟಾರು. ನೋಡಿ, ಈ ವಿಷಯದಲ್ಲಿ ನಾನೇ ಕರ್ತೃವಿನ ಮಾತು ಬೇಡ ಅಂತಿದೀನಿ.

ಧಾರವಾಡ_ಪೇಡೆ:
ನಾ ಬ್ಯಾರೆ ಹೇಳ್ತೀನ್ರೀ. ಲೈಬ್ರರಿಯಾಗ ಸಿಕ್ಕಿತ್ತು, ಮೊದಲ ಭಾಗ ಓದೀನಿ. ಬೈಗಳ ಬಾಜೂಕ ಇಡ್ರಿ. ಎಲ್ಲಾ ಸ್ವರಕ್ಕೂ ಒಂದ್ ಮನಿ ಇರಬೇಕು, ಎಷ್ಟ್ ದೂರ ಹೋದ್ರೂ ಅಲ್ಲಿಗೇ ಹೊಳ್ಳಿ ಬರೋ ಸೆಳತ ಇರಬೇಕು, ಆ ಸೆಳತ ಕಡದ್ರ ಸಂಗೀತ ಅಲ್ಲ ಅಂತಾನ. ಅದನ್ನ ಓದಿದಾಗ ನಮ್ಮ ತಂಬೂರಿ ನೆನಪಾತು. ಷಡ್ಜ ಬಿಟ್ಟು ಎಲ್ಲಿಗೆ ಹೋಗ್ತೀರಿ? ಅರಸರಿಗೆ ಈ ಮನಷ್ಯಾ ಯಾಕ ಹಿಡಿಸಿದ ಅಂತ ಆವತ್ತ್ ಒಂದೀಟು ತಿಳೀತು. ಇದು ನನ್ನ ಊಹೆ ಮಾತ್ರ, ಪುರಾವೆ ಕೇಳಬ್ಯಾಡ್ರಿ.

ಹೆಂಡನ್_ಕನ್ನಡಿಗ:
ಊಹೆ ಆದರೂ ಚೆನ್ನಾಗಿದೆ. ಈ ಇಡೀ ಚರ್ಚೆಯಲ್ಲಿ ಮೆಟ್ನರ್ ಇಷ್ಟವಿಲ್ಲ ಅಂದವರೊಬ್ಬರೇ ಅವನ ಪುಸ್ತಕ ಓದಿರೋದು!

ಇನ್ನೊಂದು ಸೇರಿಸ್ತೀನಿ. ಅಣ್ಣ ಎಮಿಲ್ ಮೆಟ್ನರ್ ಬಗ್ಗೆ ಮಾಗ್ನಸ್ ಯುಂಗ್ರೆನ್ 1994ರಲ್ಲಿ ಬರೆದ ಪುಸ್ತಕ ಇದೆ. ಎಮಿಲ್ ಬರಹಗಾರ, ರಷ್ಯದ ಸಾಂಕೇತಿಕ ಕವಿಗಳ ಒಡನಾಡಿ, ಆಮೇಲೆ ಮನೋವಿಜ್ಞಾನಿ ಕಾರ್ಲ್ ಯುಂಗ್ ಬಳಿ ಹೋದವ. ಅವನ ಹೆಂಡತಿ ಅನ್ನಾ ತಮ್ಮನನ್ನು ಪ್ರೀತಿಸಿದಳು, ಕೊನೆಗೆ ತಮ್ಮನನ್ನೇ ಮದುವೆಯಾದಳು, ಅಣ್ಣತಮ್ಮಂದಿರ ನಂಟು ಕಡಿಯಲಿಲ್ಲ. ಎಮಿಲ್ ಹೋದ ಮೇಲೆ ಮೆಟ್ನರ್ ಮೂರನೇ ವಯೊಲಿನ್ ಸೊನಾಟಾವನ್ನು ಅವನ ನೆನಪಿಗೆ ಅರ್ಪಿಸಿದ. ಅನ್ನಾ ವಿಧವೆಯಾದ ಮೇಲೆ ಗಂಡನ ಕಾಗದಪತ್ರ ಹೊತ್ತು ಮಾಸ್ಕೊಗೆ ಮರಳಿದಳು. ಅಲ್ಲಿ 1959ರಿಂದ 1963ರ ನಡುವೆ ಸಮಗ್ರ ಕೃತಿಗಳು 12 ಸಂಪುಟಗಳಲ್ಲಿ ಅಚ್ಚಾದವು. ತಾಟ್ಯಾನಾ ನಿಕೊಲಾಯೆವಾ ಸ್ವೆಟ್ಲಾನೊವ್ ನಿರ್ದೇಶನದಲ್ಲಿ ಮೂರನೇ ಕನ್ಸರ್ಟೊ ನುಡಿಸಿದ ರೆಕಾರ್ಡ್ ಸಿಕ್ಕರೆ ಬಿಡಬೇಡಿ, ಸೋವಿಯತ್ ಕಂಚಿನ ವಾದ್ಯಗಳ ಅಬ್ಬರ ಸ್ವಲ್ಪ ಸಹಿಸಿಕೊಳ್ಳಬೇಕು.

ಮಿತಮಾತು:
ಮೂರನೇ ಕನ್ಸರ್ಟೊಗೆ ಡೆಮಿಡೆಂಕೊ ನುಡಿಸಿದ್ದು. 1992. ಹೈಪೀರಿಯನ್. ಎರಡನೆಯದೂ ಅದರಲ್ಲೇ.

ಎಡಗೈ_ಅಭ್ಯಾಸ:
ಮಿತಮಾತು ಅವರು ಹೇಳಿದ್ದಕ್ಕೆ ನನ್ನ ಓಟು. ಬೆಂಕಿ ಇದೆ, ಜೇನಿಲ್ಲ. ತಟ್ಟೆ ಸರ್‌ಗೂ ಹಿಡಿಸಬಹುದು.

ಚಾಮುಂಡಿ_ತಪ್ಪಲು:
ಮೂರು ವಾರ ಆದ ಮೇಲೆ ಬರೀತಿದೀನಿ, ಕ್ಷಮಿಸಿ.

ಮೂರನೇ ಕನ್ಸರ್ಟೊದಿಂದಲೇ ಶುರು ಮಾಡಿದೆ, ಮೇಡಂ ಬೇಡ ಅಂದರೂ. ನಮ್ಮ ಅರಸರ ಹೆಸರು ಇರೋದು ಅಲ್ಲಿ ತಾನೇ. ಡೆಮಿಡೆಂಕೊ ಹಾಕಿದೆ, ಒಳಕ್ಕೆ ಇಳೀಲಿಲ್ಲ. ಮೆಟ್ನರ್ ತಾನೇ ನುಡಿಸಿದ್ದು ಹಾಕಿದೆ, ಅದೂ ಅಷ್ಟೇ. ಪೇಡೆಯವರ ಪಕ್ಷ ಸೇರೋಣ ಅಂದುಕೊಂಡೆ. ಒಂದು ಸಂಜೆ ಕರೆಂಟು ಹೋಗಿತ್ತು, ಮಳೆ, ಫೋನಲ್ಲಿ ಗಿಲೆಲ್ಸ್‌ನ ರೆಮಿನಿಸೆಂಜಾ ಹಾಕಿ ಜಗಲಿಯಲ್ಲಿ ಕೂತೆ. ಅಮ್ಮ ಒಳಗಿಂದ ಬಂದು ಪಕ್ಕದಲ್ಲಿ ಕೂತರು. ಅವರಿಗೆ ಎಂಬತ್ತೆರಡು. ಮುಗಿದ ಮೇಲೆ "ಮೊದಲು ಬಂದದ್ದೇ ಕೊನೇಲೂ ಬಂತಲ್ಲ, ಇನ್ನೊಂದು ಸಲ ಹಾಕು" ಅಂದರು. ಮೂರು ಸಲ ಹಾಕಿಸಿಕೊಂಡರು. ಈಗ ಹಾಮ್ಲಿನ್ ಡಬ್ಬಿಯಲ್ಲಿದ್ದೀನಿ, ಕಾನ್ಸೋನಾದ ಬಾಗಿಲಲ್ಲಿ ಆ ಸಾಲು ನನಗೂ ಸಿಕ್ಕಿತು ಮೇಡಂ.

ಮಾರ್ಟಿನ್ ಪುಸ್ತಕ ಪರಿಚಯದ ಅಧ್ಯಾಪಕರೊಬ್ಬರ ಕಪಾಟಿನಲ್ಲಿತ್ತು. ಓದಿ ಹಿಂದಿರುಗಿಸ್ತೀನಿ ಅಂತ ತಂದಿದೀನಿ. ಮೂರು ಸಾವಿರ ಇನ್ನೂ ಜೇಬಲ್ಲೇ ಇದೆ.

ತಟ್ಟೆ ಸರ್, ನಿಮ್ಮ ಹೆಸರು ನೋಡಿದರೆ ಆ ಮೂಲ ತಟ್ಟೆಗಳು ನಿಮ್ಮಲ್ಲಿ ಇರಬೇಕು ಅನ್ಸುತ್ತೆ?

ಎಪ್ಪತ್ತೆಂಟರ_ತಟ್ಟೆ:
ಪೂರ್ತಿ ಸೆಟ್ ಇಲ್ಲ ಸ್ವಾಮಿ. ಎರಡನೇ ಕನ್ಸರ್ಟೊದ ಮೂರು ತಟ್ಟೆ ಮಾತ್ರ, ಅದರಲ್ಲೊಂದರ ಅಂಚು ಮುಕ್ಕಾಗಿದೆ. ದೇವರಾಜ ಮಾರುಕಟ್ಟೆ ಹತ್ತಿರದ ಗುಜರಿಯಲ್ಲಿ ಹಿಂದೂಸ್ತಾನಿ ತಟ್ಟೆಗಳ ನಡುವೆ ಸಿಕ್ಕಿದ್ದವು, ಆಗ ಎಂಟು ರೂಪಾಯಿ ಕೊಟ್ಟೆ. ಗ್ರಾಮಫೋನು ಕೆಲಸ ಮಾಡುತ್ತೆ. ಅಮ್ಮನವರನ್ನೂ ಕರಕೊಂಡು ಭಾನುವಾರ ಬನ್ನಿ, ನಮ್ಮ ಮನೆ ಮೆಟ್ಟಿಲು ಎತ್ತರ ಇಲ್ಲ.

ಚಾಮುಂಡಿ_ತಪ್ಪಲು:
ಖಂಡಿತ ಬರ್ತೀವಿ. ಸೂಜಿ ಏನಾದರೂ ತರಬೇಕಾ?

ಎಪ್ಪತ್ತೆಂಟರ_ತಟ್ಟೆ:
ಸೂಜಿ ಒಂದು ಡಬ್ಬಿ ಇದೆ, ಮುಖಕ್ಕೊಂದರಂತೆ ಬದಲಾಯಿಸಿದರೂ ಸಾಕಾಗುತ್ತೆ. ಮುಕ್ಕಾದ ತಟ್ಟೆಯಲ್ಲಿ ಮೊದಲ ಅರ್ಧ ನಿಮಿಷ ಇಲ್ಲ, ಅಷ್ಟನ್ನು ನಿಮ್ಮ ಫೋನಿನಲ್ಲಿ ಹಾಕಿ, ಉಳಿದದ್ದು ನಾನು ನೋಡಿಕೊಳ್ತೀನಿ.